ನಾಲ್ಕೂ ಟೈರಿಗೆ ಒಂದು ಪಾಯಿಂಟ್ ಕಡಿಮೆ ತೋರಿಸುತ್ತಿದೆ: ಸುಳ್ಳು ಹೇಳುತ್ತಿರುವುದು ಸೆನ್ಸರಾ, ಗೇಜಾ?

ವಿದ್ಯಾನಗರ_ವಾಸಿ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ಬಲ್ಲವರು ಹೇಳಿ. ನನ್ನ ಕಾರಿಗೆ ಎರಡು ವರ್ಷ. ಕಂಪನಿಯಿಂದಲೇ ಟೈರ್ ಪ್ರೆಷರ್ ಸೆನ್ಸರ್ ಬಂದಿದೆ, ನಾಲ್ಕು ಚಕ್ರದ ಅಂಕಿಯೂ ಸ್ಕ್ರೀನ್ ಮೇಲೆ ಬರುತ್ತದೆ. ಪಿ.ಬಿ. ರಸ್ತೆಯ ಒಂದು ಬಂಕಿನಲ್ಲಿ 33 ಪಾಯಿಂಟ್ (ಪಿಎಸ್‌ಐ) ಗಾಳಿ ಹೊಡೆಸಿದೆ, ಸ್ಕ್ರೀನ್ ನೋಡಿದರೆ 32. ಬಂಕಿನ ಮೀಟರೇ ಸರಿ ಇಲ್ಲ ಅಂದುಕೊಂಡು ಒಂದು ಡಿಜಿಟಲ್ ಗೇಜ್ ತರಿಸಿದೆ. ಅದೂ 33 ಅನ್ನುತ್ತದೆ. ಸ್ಕ್ರೀನ್ ಮಾತ್ರ 32ಕ್ಕೇ ಅಂಟಿಕೊಂಡು ಕೂತಿದೆ. ಒಂದು ಚಕ್ರ ಆಗಿದ್ದರೆ ಸೆನ್ಸರ್ ಹೋಗಿದೆ ಅನ್ನಬಹುದಿತ್ತು, ಆದರೆ ನಾಲ್ಕೂ ಹೀಗೇ! ಸರ್ವಿಸ್ ಸೆಂಟರಿಗೆ ಒಯ್ದೆ (ಹೆಸರು ಬೇಡ). ಹತ್ತು ನಿಮಿಷ ಲ್ಯಾಪ್‌ಟಾಪ್ ಹಚ್ಚಿ ನೋಡಿ, "ಇದನ್ನು ಅಡ್ಜಸ್ಟ್ ಮಾಡೋಕೆ ಬರಲ್ಲ ಸರ್, ಬೇಕಿದ್ರೆ ನಾಲ್ಕೂ ಹೊಸದು ಹಾಕಿಸಿ" ಅಂದರು. ಒಂದಕ್ಕೆ ಮೂರು ಸಾವಿರದ ಮೇಲೆ, ಫಿಟ್ಟಿಂಗ್ ಬೇರೆ. ಹಾಕಿಸಲಾ, ಸುಮ್ನಿರಲಾ?

ಹತ್ತು_ಗಾಲಿ (ಚಿತ್ರದುರ್ಗ)
ತಮ್ಮಾ, 22 ವರ್ಷ ಲಾರಿ ಓಡಿಸಿದ್ದೇನೆ. ರಾಡ್ ತಗೊಂಡು ಟೈರಿಗೆ ಒಂದೇಟು. ಟಣ್ ಅಂದರೆ ಗಾಳಿ ಇದೆ, ದಬ್ ಅಂದರೆ ಇಲ್ಲ. ಒಂದು ಪಾಯಿಂಟಿಗೆ ಎರಡು ವಾರ ನಿದ್ದೆ ಬಿಟ್ಟಿದ್ದೀಯಲ್ಲ, ಭೇಷ್. ಅದಿರಲಿ, ಸ್ಟೆಪ್ನಿಗೆ ಗಾಳಿ ನೋಡಿದ್ದೀಯಾ?

ಕೋಟೆ_ಕೆಳಗಿನವ (ಚಿತ್ರದುರ್ಗ)
ಅಣ್ಣ, ನಿಮ್ಮ ರಾಡಿನ ಲೆಕ್ಕ ಲಾರಿಗೆ ಸರಿ. ಅಲ್ಲಿ ನೂರು ಪಾಯಿಂಟಿನ ಮೇಲೆ ಗಾಳಿ ಇರುತ್ತದೆ, ಜೋಡಿ ಟೈರಿನಲ್ಲಿ ಒಳಗಿನದು ಪೂರ್ತಿ ಕೂತಿದ್ದರೆ ಏಟಿಗೆ ಗೊತ್ತಾಗುತ್ತದೆ. ಕಾರಿನಲ್ಲಿ 33ಕ್ಕೂ 26ಕ್ಕೂ ಕಿವಿಗೆ ಏನೂ ವ್ಯತ್ಯಾಸ ಕೇಳುವುದಿಲ್ಲ. ಕಣ್ಣಿಗೂ ಕಾಣುವುದಿಲ್ಲ, ರೇಡಿಯಲ್ ಟೈರು ಮೊದಲೇ ಸ್ವಲ್ಪ ಉಬ್ಬಿದ ಹಾಗೇ ನಿಂತಿರುತ್ತದೆ.

ವಿದ್ಯಾನಗರದವರೇ, ಮೊದಲು ಇದು ಹೇಳಿ. ನೀವು ಅಳೆದಿದ್ದು ಯಾವಾಗ? ಬಂಕಿಗೆ ಹೋಗಿ ಬಂದ ಕೂಡಲೇ ಅಳೆದಿದ್ದರೆ ಆ ಲೆಕ್ಕ ಬಿಟ್ಟುಬಿಡಿ. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿರುವ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಗಾಡಿ ಮೂರು ತಾಸಾದರೂ ನಿಂತಿರಬೇಕು. ಓಡಿಸಿದ ಮೇಲೆ ಮೂರು ನಾಲ್ಕು ಪಾಯಿಂಟ್ ಏರುವುದು ಮಾಮೂಲು. ಇನ್ನೊಂದು, ತುಂಬಾ ಹೊತ್ತು ನಿಂತ ಗಾಡಿಯಲ್ಲಿ ಬ್ಯಾಟರಿ ಉಳಿಸಲು ಸೆನ್ಸರ್ ಮಲಗಿರುತ್ತದೆ. ಚಕ್ರ ತಿರುಗಿ ಸ್ವಲ್ಪ ವೇಗ ಬಂದ ಮೇಲೆ ಎದ್ದು ಹೊಸ ಅಂಕಿ ಕಳಿಸುತ್ತದೆ. ಕೀಲಿ ತಿರುಗಿಸಿದ ಕೂಡಲೇ ಕಾಣುವುದು ಎಷ್ಟೋ ಗಾಡಿಗಳಲ್ಲಿ ನಿನ್ನೆಯ ಅಂಕಿ.

ವಿದ್ಯಾನಗರ_ವಾಸಿ
ಬಂಕಿನ ಕಥೆ ಬಿಡಿ, ಮನೆಯಲ್ಲೂ ಮಾಡಿದ್ದೇನೆ. ರಾತ್ರಿ ಪೂರ್ತಿ ಪೋರ್ಟಿಕೋದಲ್ಲಿ ನಿಂತ ಗಾಡಿ. ಬೆಳಿಗ್ಗೆ 6ಕ್ಕೆ ಗೇಜ್ ಹಚ್ಚಿದೆ: 33.0, 33.1, 32.9, 33.0. ಆಮೇಲೆ ಮೆಲ್ಲಗೆ ಒಂದು ಕಿಲೋಮೀಟರ್ ಹೋಗಿ ಹೊಸ ಅಂಕಿ ಬರುವವರೆಗೂ ಕಾದೆ. 32, 32, 32, 32. ಸ್ಕ್ರೀನಿನಲ್ಲಿ ಪಾಯಿಂಟಿನ ಮುಂದಿನ ದಶಾಂಶ ಬರುವುದಿಲ್ಲ. ಮೂರು ದಿನ ಇದೇ ಪಾಡು. ಮನೆಯಲ್ಲಿ ಹೆಂಡತಿ "ವಾಕಿಂಗ್ ಹೋಗಿ ಅಂದ್ರೆ ಏಳಲ್ಲ, ಟೈರಿಗೆ ಮಾತ್ರ ಐದೂವರೆಗೇ ಎಚ್ಚರ" ಅನ್ನುತ್ತಿದ್ದಾಳೆ.

ಮಂಡಕ್ಕಿ_ಮಿರ್ಚಿ (ದಾವಣಗೆರೆ)
ನನ್ನದು ಹಳೇ ಗಾಡಿ, ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಗಿಸುವ ಸೆನ್ಸರ್ ಹಾಕಿಸಿದ್ದೇನೆ, ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಡಬ್ಬಿ. ಪೆಟ್ಟಿಗೆ ಮೇಲೇ ಒಂದೂವರೆ ಪಾಯಿಂಟ್ ಹೆಚ್ಚು ಕಡಿಮೆ ಆಗಬಹುದು ಅಂತ ಬರೆದಿದೆ. ಅಂದರೆ ನಿಜ 33 ಇದ್ದರೆ 31.5 ತೋರಿಸಿದರೂ 34.5 ತೋರಿಸಿದರೂ ಕಂಪನಿ ಪ್ರಕಾರ ಮಾಲು ಸರಿಯೇ ಇದೆ! ನೀವು ಒಂದು ಪಾಯಿಂಟಿಗೆ ಅಳುತ್ತಿದ್ದೀರಿ.

ನನಗೆ ಬೇರೆ ಪಾಠ ಆಯಿತು. ಇದು ಮುಚ್ಚಳದ ಹಾಗೆ ಕಂಡರೂ ಮುಚ್ಚಳ ಅಲ್ಲ, ಒಳಗಿನ ಪಿನ್ನನ್ನು ಒತ್ತಿ ಹಿಡಿದಿರುತ್ತದೆ, ಹಾಗಾಗಿ ಗಾಳಿಯನ್ನು ತಡೆಯುವುದು ಸೆನ್ಸರಿನ ಒಳಗಿನ ಸಣ್ಣ ರಬ್ಬರ್ ವಾಷರ್ ಮಾತ್ರ. ನನ್ನ ಹಿಂದಿನ ಎಡ ಚಕ್ರದ ವಾಷರ್ ಸೀಳಿತ್ತು. ದಿನಕ್ಕೆ ಎರಡು ಪಾಯಿಂಟ್ ಇಳಿಯುತ್ತಿತ್ತು, ಸೆನ್ಸರ್ ಅದನ್ನು ಸರಿಯಾಗಿಯೇ ತೋರಿಸುತ್ತಿತ್ತು. ಕಳ್ಳನೇ ಬಂದು ಕಳ್ಳತನದ ದೂರು ಕೊಟ್ಟ ಹಾಗೆ. ಪಂಕ್ಚರ್ ಅಂಗಡಿಯವನು ಟೈರ್ ಬಿಚ್ಚಿ ನೀರಲ್ಲಿ ಅದ್ದಿ ಏನೂ ಸಿಗದೆ ಸುಸ್ತಾಗಿದ್ದ, ಕೊನೆಗೆ ವಾಲ್ವಿಗೆ ಸೋಪಿನ ನೀರು ಹಾಕಿದಾಗ ಗುಳ್ಳೆ ಬಂತು.

ನಾನೂ ಒಂದು ಕೇಳಬೇಕಿತ್ತು. ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಮಧ್ಯಾಹ್ನ ಬಲಗಡೆ ಎರಡು ಚಕ್ರ 35, ಎಡಗಡೆ ಎರಡು 33. ಸಂಜೆಗೆ ಎಲ್ಲ ಸಮ. ಇದೇನು ಮಾಯೆ?

ಕೋಟೆ_ಕೆಳಗಿನವ
ಬಲಗಡೆ ಬಿಸಿಲು ಬೀಳುತ್ತಾ?

ಮಂಡಕ್ಕಿ_ಮಿರ್ಚಿ
ಓಹ್. ಹೌದು. ಪಶ್ಚಿಮಕ್ಕೆ ಬಲಗಡೆ. ಸರಿ ಸರಿ, ನಗಬೇಡಿ.

ನಿವೃತ್ತ_ಮೇಷ್ಟ್ರು (ದಾವಣಗೆರೆ)
ಹತ್ತು ಡಿಗ್ರಿ ಬಿಸಿ ಏರಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಾಯಿಂಟ್ ಏರುತ್ತದೆ. ಕಪ್ಪು ರಬ್ಬರಿಗೆ ನಮ್ಮೂರ ಬಿಸಿಲು ನೇರ ಬಿದ್ದರೆ ಹತ್ತು ಡಿಗ್ರಿ ಏನು ಲೆಕ್ಕ! ಜನವರಿಯ ಬೆಳಗ್ಗೆ 17 ಡಿಗ್ರಿಯಲ್ಲಿ 33 ತುಂಬಿಸಿದ ಟೈರು ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ, ಓಡಿಸದೆ ನೆರಳಲ್ಲಿ ನಿಂತೇ 36 ದಾಟುತ್ತದೆ. ಅದನ್ನು ನೋಡಿ ಹೆದರಿ ಗಾಳಿ ಬಿಡಿಸುವವರು ಇದ್ದಾರೆ, ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಓಡಾಡುತ್ತಾರೆ.

ಈಗ ವಿದ್ಯಾನಗರದವರ ಪ್ರಶ್ನೆ. ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿದವನು, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ. ನಿಮ್ಮ ಕೈಯಲ್ಲಿರುವ ಗೇಜ್ ಹೇಳುವುದು ಟೈರಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಪೂರ್ತಿ ಕೂತ ಟೈರಿಗೆ ಹಚ್ಚಿದರೆ ಸೊನ್ನೆ ತೋರಿಸುತ್ತದೆ, ಆದರೆ ಒಳಗೆ ಹೊರಗಿನಷ್ಟೇ ಗಾಳಿ ಇದ್ದೇ ಇದೆ ಅಲ್ವಾ? ಸೆನ್ಸರ್ ಕೂತಿರುವುದು ಟೈರಿನ ಒಳಗೆ. ಹೊರಗಿನ ಗಾಳಿ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಬಹಳಷ್ಟು ಸೆನ್ಸರ್‌ಗಳು ಒಳಗಿನ ಒತ್ತಡವನ್ನು ಇಡಿಯಾಗಿ ಅಳೆದು ಕಳಿಸುತ್ತವೆ. ಅದರಿಂದ ಹೊರಗಿನ ಗಾಳಿಯ ಪಾಲನ್ನು ಕಳೆದು ನಿಮಗೆ ತೋರಿಸುವುದು ಗಾಡಿಯ ಕೆಲಸ. ಎಷ್ಟು ಕಳೆಯಬೇಕು? ಕೆಲವು ಗಾಡಿಗಳು ಹೊರಗಿನ ಒತ್ತಡ ನೋಡಿ ಕಳೆಯುತ್ತವೆ. ಕೆಲವು ಕಣ್ಣು ಮುಚ್ಚಿ ಸಮುದ್ರ ದಂಡೆಯ ಲೆಕ್ಕ ಹಿಡಿದು 14.7 ಕಳೆಯುತ್ತವೆ.

ನಾವಿರುವುದು ಸಮುದ್ರ ದಂಡೆಯಲ್ಲಲ್ಲ, ಎತ್ತರದಲ್ಲಿ. ಎತ್ತರ ಹೆಚ್ಚಿದಷ್ಟೂ ಹೊರಗಿನ ಗಾಳಿಯ ಒತ್ತಡ ಕಡಿಮೆ. ದಾವಣಗೆರೆಯಲ್ಲಿ ಹೊರಗಿನ ಗಾಳಿ ಸುಮಾರು 13.7 ಪಾಯಿಂಟ್. ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಕಡಿಮೆ, 13.5 ಹತ್ತಿರ. ನಿಮ್ಮ ಟೈರಿನೊಳಗೆ ಒಟ್ಟು 33 ಮತ್ತು 13.7, ಅಂದರೆ 46.7. ಅದರಲ್ಲಿ 14.7 ಕಳೆಯಿರಿ. ಎಷ್ಟು ಉಳಿಯಿತು?

ವಿದ್ಯಾನಗರ_ವಾಸಿ
32!!! ಮೇಷ್ಟ್ರೇ, ಕಾಲು ಕೊಡಿ.

ಹತ್ತು_ಗಾಲಿ
ಮೇಷ್ಟ್ರೇ, ಗುಡ್ಡದ ಮೇಲೆ ಇರುವುದು ನಮ್ಮ ದುರ್ಗ. ದಾವಣಗೆರೆ ಬಯಲು. ಅಲ್ಲಿ ಎಲ್ಲಿಂದ ಬಂತು ಎತ್ತರ? ಬಾತಿ ಗುಡ್ಡ ಬಿಟ್ಟರೆ ಹತ್ತೋಕೆ ಏನಿದೆ ಅಲ್ಲಿ?

ನಿವೃತ್ತ_ಮೇಷ್ಟ್ರು
ಬಯಲು ಹೌದು, ಆದರೆ ಎತ್ತರದ ಮೇಲಿರುವ ಬಯಲು. ನಂಬಿಕೆ ಬಾರದಿದ್ದರೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡ್ ನೋಡಿ. ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತದೆ. ಆರುನೂರು ಮೀಟರ್ ಆಸುಪಾಸು. ದಿನಾ ಅದರ ಕೆಳಗೇ ನಿಂತು ರೈಲು ಕಾಯುತ್ತೇವೆ, ಓದುವುದಿಲ್ಲ.

ಕೋಟೆ_ಕೆಳಗಿನವ
ಒಪ್ಪುವ ಮಾತು, ಆದರೂ ಒಂದು ತಕರಾರು. ಗೇಜೇ ಒಂದು ಪಾಯಿಂಟ್ ಜಾಸ್ತಿ ತೋರಿಸುತ್ತಿರಬಹುದಲ್ಲ? ಸಾವಿರದ ಒಳಗಿನ ಗೇಜನ್ನು ದೇವರ ಹಾಗೆ ನಂಬುವುದು ಯಾಕೆ? ಲೆಕ್ಕ ಕೂಡಿ ಬಂತು ಅಂದ ಮಾತ್ರಕ್ಕೆ ಕಾರಣ ಅದೇ ಅನ್ನೋಕೆ ಬರುವುದಿಲ್ಲ.

ನಿವೃತ್ತ_ಮೇಷ್ಟ್ರು
ನೀವು ನನ್ನ ತರಗತಿಯಲ್ಲಿ ಇರಬೇಕಿತ್ತು. ಪರೀಕ್ಷೆ ಸುಲಭ. ಅದೇ ಗಾಡಿ, ಅದೇ ಗೇಜ್ ತಗೊಂಡು ಸಮುದ್ರದ ಊರಿಗೆ ಹೋಗಬೇಕು. ಗೇಜಿನದೇ ತಪ್ಪಾದರೆ ಅಲ್ಲೂ ಒಂದು ಪಾಯಿಂಟ್ ಅಂತರ ಹಾಗೇ ಇರುತ್ತದೆ. ಎತ್ತರದ ಕಾರಣವಾದರೆ ಅಂತರ ಮಾಯ ಆಗಬೇಕು. ಉಲ್ಟಾ ಬೇಕಿದ್ದರೆ ಮುಳ್ಳಯ್ಯನಗಿರಿ ಹತ್ತಿ, ಅಲ್ಲಿ ಅಂತರ ಮೂರು ಪಾಯಿಂಟ್ ಆಗುತ್ತದೆ. ಗೇಜ್, ಸ್ಕ್ರೀನ್ ಎರಡನ್ನೂ ಒಂದೇ ಹೊತ್ತಿಗೆ ನೋಡಿದರೆ ಬಿಸಿಯ ತಕರಾರೂ ಬರುವುದಿಲ್ಲ.

ವಿದ್ಯಾನಗರ_ವಾಸಿ
ಇದು ಯೋಗ ಅಂದರೆ. ಮುಂದಿನ ವಾರ ಮಂಗಳೂರಲ್ಲಿ ತಂಗಿ ಮನೆ ಗೃಹಪ್ರವೇಶ. ಗೇಜ್ ಬ್ಯಾಗಿಗೆ ಹಾಕಿದ್ದಾಯಿತು, ಸೀರೆ ಇನ್ನೂ ಹಾಕಿಲ್ಲ ಅಂತ ಬೈಸಿಕೊಂಡಿದ್ದೂ ಆಯಿತು.

ಶಾಮನೂರು_ರಸ್ತೆ (ದಾವಣಗೆರೆ)
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಕಾರಿನಲ್ಲಿ ಅಂಕಿಯೇ ಬರುವುದಿಲ್ಲ, ಬರೀ ಹಳದಿ ದೀಪ. ಗಾಳಿ ಸರಿ ಹೊಡೆಸಿದ ಮರುದಿನವೇ ದೀಪ ಹತ್ತಿತು. ನಾಲ್ಕೂ ಸರಿ ಇದೆ ಅಂತ ಅಂಗಡಿಯವರು ಹೇಳುತ್ತಾರೆ, ದೀಪ ಆರುವುದಿಲ್ಲ. ನಮ್ಮ ಯಜಮಾನರು ಅದರ ಮೇಲೆ ಸ್ಟಿಕ್ಕರ್ ಅಂಟಿಸೋಣ ಅನ್ನುತ್ತಿದ್ದಾರೆ.

ಕೋಟೆ_ಕೆಳಗಿನವ
ಅಕ್ಕಾ, ಸ್ಟಿಕ್ಕರ್ ಬೇಡ. ಅಂಕಿ ಬರದೆ ಬರೀ ದೀಪ ಇದೆ ಅಂದರೆ ನಿಮ್ಮ ಟೈರಿನೊಳಗೆ ಸೆನ್ಸರೇ ಇಲ್ಲದಿರಬಹುದು. ಅಂಥ ಗಾಡಿ ಎಬಿಎಸ್ ಬ್ರೇಕಿಗೆ ಇರುವ ಚಕ್ರದ ವೇಗದ ಸೆನ್ಸರನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಚಕ್ರದ ಸುತ್ತಳತೆ ಒಂಚೂರು ಸಣ್ಣದಾಗುತ್ತದೆ, ಹಾಗಾಗಿ ಉಳಿದವಕ್ಕಿಂತ ಜಾಸ್ತಿ ಸುತ್ತು ಸುತ್ತುತ್ತದೆ. ಗಾಡಿ ಅದನ್ನು ಎಣಿಸಿ ಯಾವುದೋ ಚಕ್ರ ಜಾಸ್ತಿ ಓಡುತ್ತಿದೆ ಅಂತ ದೀಪ ಹತ್ತಿಸುತ್ತದೆ. ಇದಕ್ಕೆ ಪ್ರತಿ ಸಲ ಗಾಳಿ ತುಂಬಿಸಿದಾಗ, ಟೈರ್ ಬದಲಿಸಿದಾಗ "ಈಗಿರುವುದೇ ಸರಿ, ನೆನಪಿಟ್ಟುಕೋ" ಅಂತ ಹೇಳಿಕೊಡಬೇಕು. ಮೆನುವಿನಲ್ಲೋ ಬಟನ್ನಿನಲ್ಲೋ ರೀಸೆಟ್ ಇರುತ್ತದೆ, ಮ್ಯಾನ್ಯುಯಲ್ ನೋಡಿ. ಆದರೆ ಮೊದಲು ಗೇಜ್ ಹಚ್ಚಿ ಅಳೆಯಿರಿ, ಆಮೇಲೆ ರೀಸೆಟ್. ಇಳಿದ ಟೈರಿಗೆ ರೀಸೆಟ್ ಮಾಡಿದರೆ ಅದು ಆ ಸುಳ್ಳನ್ನೇ ಸತ್ಯ ಅಂತ ಕಲಿತು ಕೂರುತ್ತದೆ. ಇನ್ನೊಂದು ದೌರ್ಬಲ್ಯ, ನಾಲ್ಕೂ ಒಟ್ಟಿಗೆ ಮೆಲ್ಲಗೆ ಇಳಿದರೆ ಇದಕ್ಕೆ ತಿಳಿಯದೆ ಹೋಗಬಹುದು, ಹೋಲಿಸಿ ನೋಡುವುದಷ್ಟೇ ಅಲ್ವಾ ಅದಕ್ಕೆ ಬರುವುದು.

ಶಾಮನೂರು_ರಸ್ತೆ
ರೀಸೆಟ್ ಮೆನುವಿನ ಮೂರನೇ ಪುಟದಲ್ಲಿತ್ತು. ದೀಪ ಆರಿತು. ಯಜಮಾನರು "ನಾನೂ ಅದನ್ನೇ ಹೇಳಬೇಕಂತಿದ್ದೆ" ಅಂದರು.

ವಾಣಿವಿಲಾಸ_ದಂಡೆ (ಹಿರಿಯೂರು)
ಅಂಕಿ ಒಂದು ಪಾಯಿಂಟ್ ಆಚೆ ಈಚೆ ಆದರೆ ನನಗೆ ತೊಂದರೆ ಇಲ್ಲ, ಯಾಕೆ ಅಂತ ಹೇಳುತ್ತೇನೆ. ಹೋದ ತಿಂಗಳು ಬೆಂಗಳೂರಿನಿಂದ ಬರುತ್ತಿದ್ದೆ. ಹೊರಟಾಗ ನಾಲ್ಕೂ 33. ಶಿರಾ ಹತ್ತಿರ ನೋಡಿದರೆ ಮೂರು ಚಕ್ರ ಬಿಸಿಯಾಗಿ 36, ಹಿಂದಿನ ಎಡಗಡೆಯದು ಮಾತ್ರ 33. ಅಲಾರಂ ಇಲ್ಲ, ದೀಪ ಇಲ್ಲ, ನೋಡಿದರೆ 33 ಒಳ್ಳೆ ಅಂಕಿಯೇ. ಪಕ್ಕದಲ್ಲಿದ್ದ ಭಾವ "ಅದೊಂದೇ ಸರಿಯಾಗಿರೋದು, ಉಳಿದ ಮೂರಕ್ಕೆ ಗಾಳಿ ಜಾಸ್ತಿ" ಅಂದರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಎಲ್ಲ ಚಕ್ರವೂ ಅದೇ ರಸ್ತೆಯಲ್ಲೇ ಓಡಿ ಬಂದಿವೆ, ಎಲ್ಲವೂ ಏರಬೇಕು, ಇದೊಂದು ಯಾಕೆ ಏರಲಿಲ್ಲ? ಚಹಾ ಅಂಗಡಿ ಮುಂದೆ ನಿಲ್ಲಿಸಿ ಕೈಯಾಡಿಸಿದರೆ ಮೊಳೆ. ಟೈರ್ ಬಿಸಿಯಾಗಿ ಮೂರು ಪಾಯಿಂಟ್ ಏರಿತ್ತು, ಮೊಳೆ ಅಷ್ಟನ್ನೇ ಇಳಿಸಿತ್ತು. ಇನ್ನೊಂದು ತಾಸು ಓಡಿಸಿದ್ದರೆ ಹೈವೇ ಮಧ್ಯೆ ಕೂರುತ್ತಿತ್ತು.

ನನ್ನ ಸೆನ್ಸರ್ ಎಷ್ಟು ಕರಾರುವಾಕ್ಕು ಅಂತ ನನಗೆ ಗೊತ್ತಿಲ್ಲ. ನಾಲ್ಕನ್ನೂ ಒಂದೇ ತಪ್ಪಿನಿಂದ ಅಳೆದರೂ ನನಗೆ ಸಾಕು.

ನಿವೃತ್ತ_ಮೇಷ್ಟ್ರು
ಹಿರಿಯೂರಿನವರೇ, ಇಡೀ ಚರ್ಚೆಯಲ್ಲಿ ಒಳ್ಳೆ ಮಾತು ಇದು. ಈ ವಸ್ತು ಹುಟ್ಟಿದ್ದೇ ಎಚ್ಚರಿಸಲು, ಅಳೆಯಲು ಅಲ್ಲ. ಅಮೆರಿಕದಲ್ಲಿ ಟೈರ್ ಕಿತ್ತು ಗಾಡಿಗಳು ಮಗುಚಿ ಜನ ಸತ್ತ ಮೇಲೆ 2000ದಲ್ಲಿ ಕಾನೂನು ಬಂತು. ಅಲ್ಲಿನ ನಿಯಮ ಕೇಳುವುದು ಇಷ್ಟೇ: ಸ್ಟಿಕ್ಕರಿನ ಅಂಕಿಗಿಂತ ಕಾಲು ಭಾಗ ಇಳಿದರೆ ದೀಪ ಹತ್ತಬೇಕು. 33ರ ಗಾಡಿಯಲ್ಲಿ 25 ಹತ್ತಿರ ಬರುವವರೆಗೆ ದೀಪ ಹತ್ತದಿದ್ದರೂ ಕಾನೂನಿನ ಪ್ರಕಾರ ಅದು ಪಾಸು. ಹಾಗಾಗಿ ದೀಪ ಹತ್ತಿಲ್ಲ ಅಂತ ನೆಮ್ಮದಿಯಾಗಿ ಇರುವುದು ಒಂದು ಪಾಯಿಂಟಿಗೆ ನಿದ್ದೆ ಬಿಡುವುದಕ್ಕಿಂತ ದೊಡ್ಡ ತಪ್ಪು.

ಮಂಡಕ್ಕಿ_ಮಿರ್ಚಿ
ನೈಟ್ರೋಜನ್ ಹೊಡೆಸಿದರೆ ಈ ಏರಿಳಿತ ಯಾವುದೂ ಇರುವುದಿಲ್ಲ ಅಂತ ಒಬ್ಬರು ಹೇಳಿದರು?

ನಿವೃತ್ತ_ಮೇಷ್ಟ್ರು
ನೀವು ಈಗ ಉಸಿರಾಡುತ್ತಿರುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಬಿಸಿಗೆ ಅದೂ ಅಷ್ಟೇ ಹಿಗ್ಗುತ್ತದೆ. ತೇವ ಇರುವುದಿಲ್ಲ ಅನ್ನುವುದೊಂದು ಲಾಭ. ದುಡ್ಡು ನಿಮ್ಮದು.

ವಿದ್ಯಾನಗರ_ವಾಸಿ
ಬಂದೆ! ಆಗುಂಬೆ ಘಾಟಿ ಇಳಿದು ಉಡುಪಿ ಮೇಲೆ ಹೋಗಿದ್ದು. ಹೊರಡುವ ಬೆಳಿಗ್ಗೆ ದಾವಣಗೆರೆಯಲ್ಲಿ ಗೇಜ್ 33.0, ಸ್ಕ್ರೀನ್ 32. ರಾತ್ರಿ ತಂಗಿ ಮನೆ ಮುಂದೆ ನಿಲ್ಲಿಸಿ ಮರುದಿನ ಬೆಳಿಗ್ಗೆ ಅಳೆದೆ, ಪುರೋಹಿತರು ಬರುವ ಮುಂಚೆ. ಗೇಜ್ 32.6, 32.7, 32.5, 32.6. ಒಂದು ಸುತ್ತು ಹೋಗಿ ಬಂದೆ, ಸ್ಕ್ರೀನ್ ನಾಲ್ಕೂ 33.

ಅಂತರ ಹೋಯಿತು! ಗೇಜ್ ಇಳಿಯಿತು, ಸ್ಕ್ರೀನ್ ಏರಿತು, ಮಧ್ಯೆ ಎಲ್ಲೋ ಕೈ ಕುಲುಕಿದವು. ವಾಪಸ್ ಬಂದ ಮರುದಿನ ಮತ್ತೆ ಗೇಜ್ 33, ಸ್ಕ್ರೀನ್ 32. ಕೋಟೆಯವರೇ, ಈಗ ಏನಂತೀರಿ?

ಕೋಟೆ_ಕೆಳಗಿನವ
ಸೋತೆ. ಆದರೆ ಸ್ಕ್ರೀನ್ ಏರಿದ್ದು ಯಾಕೆ? ಮೇಷ್ಟ್ರ ಲೆಕ್ಕದಲ್ಲಿ ಸೆನ್ಸರ್ 32ರಲ್ಲೇ ಇದ್ದು ಗೇಜ್ ಮಾತ್ರ ಒಂದು ಪಾಯಿಂಟ್ ಇಳಿಯಬೇಕಿತ್ತು.

ನಿವೃತ್ತ_ಮೇಷ್ಟ್ರು
ಮಂಗಳೂರಿನ ಬೆಳಗು ನಮ್ಮದಕ್ಕಿಂತ ಸೆಕೆ. ನಾಲ್ಕು ಡಿಗ್ರಿ ಜಾಸ್ತಿ ಇದ್ದರೆ ಅರ್ಧ ಪಾಯಿಂಟಿನ ಮೇಲೆ ಏರುತ್ತದೆ. ಸೆನ್ಸರಿನ ಲೆಕ್ಕ 32.6 ಆಗಿ ಸ್ಕ್ರೀನ್ ಅದನ್ನು 33 ಅಂತ ಬರೆಯಿತು. ಎರಡೂ ಏರಿದ್ದು ಬಿಸಿಗೆ, ಗೇಜ್ ಮಾತ್ರ ಇಳಿದಿದ್ದು ಎತ್ತರಕ್ಕೆ.

ವಿದ್ಯಾನಗರದವರೇ, ಸ್ಟಿಕ್ಕರಿನ ಅಂಕಿ ಗೇಜಿನ ಅಂಕಿ. ಊರಲ್ಲಿ ಗೇಜ್ ನೋಡಿ 33 ತುಂಬಿಸಿ, ಸ್ಕ್ರೀನ್ 32 ಅಂದರೆ ಅನ್ನಲಿ. ಸ್ಕ್ರೀನಿಗೆ 33 ಬರಿಸಲೇಬೇಕು ಅಂತ ಒಂದು ಪಾಯಿಂಟ್ ಜಾಸ್ತಿ ಹಾಕಿದರೂ ಏನೂ ಕೆಡುವುದಿಲ್ಲ. ಬೇರೆಯವರಿಗೆ ಒಂದು ಮಾತು, ಒಂದೇ ಚಕ್ರ ಬೇರೆ ಅಂಕಿ ಹೇಳಿದರೆ ಈ ಎತ್ತರದ ಕಥೆ ಅಲ್ಲಿ ನಡೆಯುವುದಿಲ್ಲ. ಆಗ ಗಾಳಿ ಸೋರುತ್ತಿದೆ ಇಲ್ಲವೇ ಸೆನ್ಸರ್ ಹೋಗಿದೆ. ಟೈರ್ ಅದಲು ಬದಲು ಮಾಡಿಸಿದ ಮೇಲೆ ಕೆಲವು ಗಾಡಿಗಳು ಮುಂದಿನ ಚಕ್ರದ ಅಂಕಿಯನ್ನು ಹಿಂದೆ ತೋರಿಸುವುದೂ ಉಂಟು, ಅದನ್ನೂ ನೋಡಿಕೊಳ್ಳಿ.

ವಾಣಿವಿಲಾಸ_ದಂಡೆ
ಪಂಕ್ಚರಿಗೆ ಅಂತ ಅಂಟಿನ ದ್ರವ ಒಳಗೆ ಸುರಿಯುವವರೂ ನೋಡಿಕೊಳ್ಳಿ. ಅದು ಸೆನ್ಸರಿನ ಸಣ್ಣ ರಂಧ್ರಕ್ಕೆ ಮೆತ್ತಿಕೊಂಡರೆ ಅಂಕಿ ಕೆಡುತ್ತದೆ.

ಮಂಡಕ್ಕಿ_ಮಿರ್ಚಿ
ನಿಮ್ಮ ಗಲಾಟೆ ಓದಿ ನಾನೂ ಒಂದು ಗೇಜ್ ತಗೊಂಡೆ. ಭಾನುವಾರ ಬೆಳಿಗ್ಗೆ ಊರಲ್ಲೇ ಮೂರು ಕಡೆ ಹೋಗಿ "33 ಹೊಡೀರಿ" ಅಂದೆ. ಒಂದು ಕಡೆ ಹೊಡೆದಿದ್ದು 36. ಒಂದು ಕಡೆ 30ಕ್ಕೇ ಮೆಷಿನ್ ಕುಂಯ್ ಅಂತು. ಮೂರನೆಯ ಕಡೆ ಹುಡುಗ ಮೀಟರ್ ನೋಡಲೇ ಇಲ್ಲ, ಕೈಯಿಂದ ಟೈರ್ ತಟ್ಟಿ "ಆಯ್ತು ಅಣ್ಣ" ಅಂದ. ಗೇಜ್ ಹಚ್ಚಿದರೆ 33.2! ಇದನ್ನು ಏನನ್ನಬೇಕು ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು
ಅವನ ಫೋನ್ ನಂಬರ್ ಇಟ್ಟುಕೊಳ್ಳಿ.

ಹತ್ತು_ಗಾಲಿ
ಹಾ! ನೋಡಿದ್ರಾ, ಕೈ ಅಂದ್ರೆ ಅದು. ಸಮುದ್ರ, ಘಾಟಿ, ರೈಲ್ವೆ ಸ್ಟೇಷನ್ ಎಲ್ಲ ಸುತ್ತಿ ಬಂದ್ರಿ. ಈಗಲಾದರೂ ಹೇಳು ತಮ್ಮಾ, ಮೊದಲ ದಿನವೇ ಕೇಳಿದ್ದೆ. ಸ್ಟೆಪ್ನಿ ನೋಡಿದ್ಯಾ? ಅದಕ್ಕೆ ಸೆನ್ಸರ್ ಇದೆಯಾ?

ವಿದ್ಯಾನಗರ_ವಾಸಿ
ಸ್ಟೆಪ್ನಿಗೆ ಸೆನ್ಸರ್ ಇಲ್ಲ ಅಣ್ಣ. ತಾಳಿ, ಡಿಕ್ಕಿ ತೆಗೆದು ನೋಡಿ ಬರುತ್ತೇನೆ.

ವಿದ್ಯಾನಗರ_ವಾಸಿ
14.

ಹತ್ತು_ಗಾಲಿ
ಮಂಗಳೂರಿಗೆ ಹೋಗಿ ಬಂದೆಯಲ್ಲಪ್ಪಾ ಇದರ ಮೇಲೆ!